ಒಂದು ಕಡ್ಡಿ ದೂರಕ್ಕೆ ಎಷ್ಟು ಬಣ್ಣ ಬೇಕು?

ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಅದರಲ್ಲಿ 11 ಕಡ್ಡಿ ಉಳಿದಿದ್ದರೆ ಸಾಕು. ಈ ಲೇಖನದ ಮೊದಲ ಭಾಗವನ್ನು ಮೇಜಿನ ಮೇಲೆ ಕಡ್ಡಿ ಜೋಡಿಸುತ್ತಲೇ ಓದಬಹುದು.

ಪ್ರಶ್ನೆ ಇದು. ಎಲ್ಲ ದಿಕ್ಕಿಗೂ ಕೊನೆಯಿಲ್ಲದೆ ಹರಡಿರುವ ಒಂದು ಚಪ್ಪಟೆ ಹಾಳೆ ನಿಮ್ಮ ಮುಂದಿದೆ ಅಂದುಕೊಳ್ಳಿ. ಅದರ ಪ್ರತಿಯೊಂದು ಚುಕ್ಕಿಗೂ ಬಣ್ಣ ಹಚ್ಚಬೇಕು. ಷರತ್ತು ಒಂದೇ. ಸರಿಯಾಗಿ ಒಂದು ಕಡ್ಡಿಯಷ್ಟು ದೂರದಲ್ಲಿರುವ ಎರಡು ಚುಕ್ಕಿಗಳಿಗೆ ಒಂದೇ ಬಣ್ಣ ಇರಬಾರದು. ಅದಕ್ಕಿಂತ ಹತ್ತಿರ ಇದ್ದರೆ ಒಂದೇ ಬಣ್ಣ ಇರಬಹುದು, ದೂರ ಇದ್ದರೂ ಇರಬಹುದು. ಕಡ್ಡಿಯನ್ನು ಎಲ್ಲಿಟ್ಟರೂ, ಹೇಗೆ ತಿರುಗಿಸಿದರೂ, ಅದರ ಎರಡು ತುದಿಯಲ್ಲಿ ಬೇರೆ ಬೇರೆ ಬಣ್ಣ ಕಾಣಬೇಕು ಅಷ್ಟೆ. ಹಾಗಾದರೆ ಕಡಿಮೆಯೆಂದರೆ ಎಷ್ಟು ಬಣ್ಣ ಬೇಕು?

ಉತ್ತರ 5 ಇರಬಹುದು, 6 ಇರಬಹುದು, 7 ಇರಬಹುದು. ಈ ಮೂರರಲ್ಲಿ ಯಾವುದು ಎಂಬುದು ತೀರ್ಮಾನ ಆಗಿಲ್ಲ. 2018ರ ಏಪ್ರಿಲ್‌ವರೆಗೆ ಈ ಪಟ್ಟಿಯಲ್ಲಿ 4 ಕೂಡ ಇತ್ತು. ಆ ನಾಲ್ಕನ್ನು ಅಳಿಸಿ ಹಾಕಲು 68 ವರ್ಷ ಹಿಡಿಯಿತು. ಯಾಕೆ ಅಷ್ಟು ಸಮಯ ಬೇಕಾಯಿತು, ಮುಂದಿನ ಹೆಜ್ಜೆ ಇನ್ನೂ ಯಾಕೆ ಕಷ್ಟ ಎಂದು ಬಿಡಿಸಿ ಹೇಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಮೊದಲು ಪ್ರಶ್ನೆ ಎಲ್ಲಿಂದ ಬಂತು ನೋಡೋಣ. 1950ರಲ್ಲಿ ಎಡ್ವರ್ಡ್ ನೆಲ್ಸನ್ ಶಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ. ವಯಸ್ಸು 18. ಆ ದಿನಗಳಲ್ಲಿ ಅವರ ತಲೆಯಲ್ಲಿದ್ದದ್ದು ನಕಾಶೆಯ ನಾಲ್ಕು ಬಣ್ಣದ ಸಮಸ್ಯೆ. ಅಕ್ಕಪಕ್ಕದ ದೇಶಗಳಿಗೆ ಬೇರೆ ಬೇರೆ ಬಣ್ಣ ಕೊಡಲು ನಾಲ್ಕೇ ಬಣ್ಣ ಸಾಕೇ ಎಂಬ ಹಳೆಯ ಪ್ರಶ್ನೆ ಅದು. ಅದರ ಬಗ್ಗೆ ಯೋಚಿಸುತ್ತಲೇ ಅವರಿಗೆ ನಮ್ಮ ಕಡ್ಡಿಯ ಪ್ರಶ್ನೆ ಹೊಳೆಯಿತು. ನಕಾಶೆಯ ಸಮಸ್ಯೆಯನ್ನು ಅಪೆಲ್ ಮತ್ತು ಹಾಕನ್ 1976ರಲ್ಲಿ ಕಂಪ್ಯೂಟರ್ ನೆರವಿನಿಂದ ಮುಗಿಸಿದರು. ಅದರ ಬದಿಯಲ್ಲಿ ಹುಟ್ಟಿದ ಈ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಸ್ವಿಟ್ಜರ್‌ಲೆಂಡಿನ ಹ್ಯೂಗೋ ಹಾಡ್ವಿಗರ್ 1945ರಲ್ಲೇ ಇದಕ್ಕೆ ಹತ್ತಿರದ ಒಂದು ವಿಷಯ ಬರೆದಿದ್ದರು. ಹಾಗಾಗಿ ಇದಕ್ಕೆ ಹಾಡ್ವಿಗರ್–ನೆಲ್ಸನ್ ಸಮಸ್ಯೆ ಎಂಬ ಹೆಸರು ಬಂತು. 1960ರಲ್ಲಿ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಇದು ಲೋಕಕ್ಕೆಲ್ಲ ಪರಿಚಯವಾಯಿತು.

ಈಗ ಕಡ್ಡಿಗಳನ್ನು ಹೊರಗೆ ತೆಗೆಯಿರಿ.

ಮೂರು ಕಡ್ಡಿಯಿಂದ ಒಂದು ತ್ರಿಭುಜ ಮಾಡಿ. ಮೂರು ಮೂಲೆಗಳೂ ಒಂದಕ್ಕೊಂದು ಒಂದು ಕಡ್ಡಿ ದೂರ. ಅಂದಮೇಲೆ ಮೂರಕ್ಕೂ ಬೇರೆ ಬೇರೆ ಬಣ್ಣ ಬೇಕೇ ಬೇಕು. ಎರಡು ಬಣ್ಣ ಸಾಲದು ಎಂಬುದು ಇಷ್ಟಕ್ಕೇ ಮುಗಿಯಿತು. ಮೂರು ಸಾಕಾಗುತ್ತದೆಯೇ? ಸಾಕು ಅಂತಲೇ ಒಂದು ಕ್ಷಣ ಒಪ್ಪಿಕೊಳ್ಳೋಣ. ಕೆಂಪು, ಹಳದಿ, ಹಸಿರು.

ತ್ರಿಭುಜದ ತಳಕ್ಕೆ ಇನ್ನೆರಡು ಕಡ್ಡಿ ಸೇರಿಸಿ, ಕೆಳಮುಖವಾಗಿ ಇನ್ನೊಂದು ತ್ರಿಭುಜ ಮಾಡಿ. ಐದು ಕಡ್ಡಿಯ ಒಂದು ವಜ್ರಾಕೃತಿ ಆಯಿತು. ಮೇಲಿನ ತುದಿ ಕೆಂಪು ಅಂದುಕೊಳ್ಳಿ. ಮಧ್ಯದ ಎರಡು ಮೂಲೆಗಳು ಹಳದಿ ಮತ್ತು ಹಸಿರು ಆಗಲೇಬೇಕು. ಆಗ ಕೆಳಗಿನ ತುದಿಗೆ ಉಳಿಯುವುದು ಕೆಂಪು ಮಾತ್ರ. ಅಂದರೆ ವಜ್ರದ ಎರಡು ದೂರದ ತುದಿಗಳಿಗೆ ಯಾವಾಗಲೂ ಒಂದೇ ಬಣ್ಣ. ಆ ತುದಿಗಳ ನಡುವಿನ ದೂರ ಮೂರರ ವರ್ಗಮೂಲ, ಸುಮಾರು 1.73 ಕಡ್ಡಿ.

ಈಗ ಮೇಲಿನ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ವಜ್ರವನ್ನು ಸುತ್ತಲೂ ತಿರುಗಿಸಿ. ಕೆಳಗಿನ ತುದಿ ಒಂದು ದೊಡ್ಡ ವೃತ್ತ ಬರೆಯುತ್ತದೆ. ಆ ವೃತ್ತದ ಮೇಲಿನ ಪ್ರತಿ ಚುಕ್ಕಿಯೂ ಕೆಂಪಾಗಬೇಕು. ಆದರೆ ಅಷ್ಟು ದೊಡ್ಡ ವೃತ್ತದಲ್ಲಿ ಒಂದು ಕಡ್ಡಿ ದೂರದ ಎರಡು ಚುಕ್ಕಿ ಸಿಕ್ಕೇ ಸಿಗುತ್ತವೆ ಅಲ್ವಾ? ಎರಡೂ ಕೆಂಪು. ಷರತ್ತು ಮುರಿಯಿತು. ಮೂರು ಬಣ್ಣ ಸಾಲದು.

ಇಡೀ ವೃತ್ತವೂ ಬೇಕಿಲ್ಲ. ಒಂದೇ ತುದಿಯನ್ನು ಹಂಚಿಕೊಂಡ ಎರಡು ವಜ್ರ ಸಾಕು. ಅವುಗಳ ಇನ್ನೆರಡು ತುದಿಗಳ ನಡುವೆ ಒಂದು ಕಡ್ಡಿ ಕೂರುವಷ್ಟು ತಿರುಗಿಸಿ. ಕಡ್ಡಿಗಳು ಒಂದರ ಮೇಲೊಂದು ಹಾದುಹೋಗುತ್ತವೆ, ಚಿಂತೆಯಿಲ್ಲ. ಎಣಿಸಿ ನೋಡಿ. ಐದು, ಐದು, ಮತ್ತೊಂದು. 11 ಕಡ್ಡಿ, 7 ಚುಕ್ಕಿ. ಇದನ್ನು 1961ರಲ್ಲಿ ಕೊಟ್ಟವರು ಲಿಯೋ ಮೋಸರ್ ಮತ್ತು ವಿಲಿಯಂ ಮೋಸರ್ ಎಂಬ ಸಹೋದರರು. ಮೋಸರ್ ಕದಿರು ಎಂದು ಕರೆಯಬಹುದು. ನೂಲು ಸುತ್ತಿದ ಕದಿರಿನ ಹಾಗೆಯೇ ಕಾಣುತ್ತದೆ.

ಮೇಲಿನ ಮಿತಿ ಅಷ್ಟೇ ಸೊಗಸು. ಜೇನುಗೂಡಿನ ಹಾಗೆ ಹಾಳೆಯನ್ನು ಆರು ಮೂಲೆಯ ಕೋಣೆಗಳಿಂದ ತುಂಬಿ. ಒಂದು ಕೋಣೆ, ಅದರ ಸುತ್ತಲಿನ ಆರು ಕೋಣೆ, ಒಟ್ಟು ಏಳಕ್ಕೆ ಏಳು ಬಣ್ಣ. ಈ ಹೂವಿನಂಥ ಗುಂಪನ್ನೇ ಎಲ್ಲೆಡೆ ಮತ್ತೆ ಮತ್ತೆ ಕೂರಿಸಿ. ಕೋಣೆಯ ಒಂದು ಬದಿ 0.45 ಕಡ್ಡಿ ಇರಲಿ. ಆಗ ಕೋಣೆಯ ಒಳಗಿನ ಅತಿ ದೊಡ್ಡ ದೂರ 0.9. ಕಡ್ಡಿ ಅದರೊಳಗೆ ಹಿಡಿಸುವುದೇ ಇಲ್ಲ. ಅದೇ ಬಣ್ಣದ ಇನ್ನೊಂದು ಕೋಣೆ ಕನಿಷ್ಠ 1.19 ದೂರ. ಕಡ್ಡಿ ಅಲ್ಲಿಗೆ ಮುಟ್ಟುವುದಿಲ್ಲ. ಏಳು ಬಣ್ಣ ಸಾಕು. ಇದನ್ನು 1950ರಲ್ಲೇ ಜಾನ್ ಇಸ್ಬೆಲ್ ಗಮನಿಸಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಬದಿಯನ್ನು 0.378ಕ್ಕಿಂತ ಸ್ವಲ್ಪ ಜಾಸ್ತಿಯಿಂದ ಹಿಡಿದು 0.5ರ ಹತ್ತಿರದವರೆಗೆ ಎಷ್ಟಾದರೂ ಇಡಬಹುದು. ಎಲ್ಲವೂ ನಡೆಯುತ್ತದೆ. ಅಂದರೆ ನಾವು ಕೇಳಿದ್ದು ಒಂದೇ ಒಂದು ದೂರವನ್ನು ತಪ್ಪಿಸು ಎಂದು. ಜೇನುಗೂಡು 1ರಿಂದ ಸುಮಾರು 1.32ರವರೆಗಿನ ದೂರಗಳನ್ನೆಲ್ಲ ಒಟ್ಟಿಗೆ ತಪ್ಪಿಸಿ ಕೊಡುತ್ತದೆ. ಕೇಳಿದ್ದಕ್ಕಿಂತ ಇಷ್ಟೊಂದು ಜಾಸ್ತಿ ಸಿಗುತ್ತಿದೆ ಅಂದರೆ ಒಂದು ಬಣ್ಣ ಉಳಿಸಬಹುದು ಅನ್ನಿಸುತ್ತದೆ. ಅನ್ನಿಸುವುದು ಸಹಜ. ಆದರೆ ಆರು ಬಣ್ಣದಲ್ಲಿ ಪೂರ್ತಿ ಹಾಳೆಯನ್ನು ತುಂಬಿದವರು ಇಲ್ಲ.

ಹೀಗೆ 4ರಿಂದ 7ರ ನಡುವೆ ಉತ್ತರ ಸಿಕ್ಕಿಬಿತ್ತು. ಮೇಲಿನ ಎರಡು ವಾದಗಳನ್ನು ಹೈಸ್ಕೂಲಿನ ಮಗುವೂ ಅರ್ಥ ಮಾಡಿಕೊಳ್ಳುತ್ತದೆ. ಅದರಾಚೆ ಒಂದು ಹೆಜ್ಜೆ ಇಡಲು ದೊಡ್ಡ ದೊಡ್ಡ ಗಣಿತಜ್ಞರಿಗೂ ಆಗಲಿಲ್ಲ. ಯಾಕೆ?

ಕಷ್ಟ ಎಲ್ಲಿ ಅಡಗಿದೆ ಎಂದು ತೋರಿಸುವ ಒಂದು ಫಲಿತಾಂಶ ಇದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಅದೇ. ಹಾಳೆಯ ಎಲ್ಲ ಚುಕ್ಕಿಗಳನ್ನು ಬಿಟ್ಟು, ಅಡ್ಡ ಮತ್ತು ಉದ್ದದ ಎರಡೂ ಅಳತೆಗಳು ಭಿನ್ನರಾಶಿಯಲ್ಲಿ ಬರೆಯಲು ಬರುವ ಚುಕ್ಕಿಗಳನ್ನು ಮಾತ್ರ ಇಟ್ಟುಕೊಳ್ಳಿ. ಎರಡನೇ ಒಂದು, ಐದನೇ ಮೂರು, ಹೀಗೆ. ಇಂಥ ಚುಕ್ಕಿಗಳು ಹಾಳೆಯಲ್ಲಿ ಎಲ್ಲೆಡೆ ದಟ್ಟವಾಗಿವೆ. ಎಲ್ಲಿ ಸೂಜಿ ಚುಚ್ಚಿದರೂ ಅದರ ಪಕ್ಕದಲ್ಲೇ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಇವಕ್ಕೆ ಎಷ್ಟು ಬಣ್ಣ ಬೇಕು ಗೊತ್ತೇ? ಎರಡೇ ಎರಡು. 1973ರಲ್ಲಿ ಡಗ್ಲಸ್ ವುಡಾಲ್ ಇದನ್ನು ಸಾಧಿಸಿದರು.

ಕಾರಣ ಸಮ–ಬೆಸದ ಲೆಕ್ಕ. ಇಂಥ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಒಂದು ಕಡ್ಡಿ ದೂರದ ಹೆಜ್ಜೆ ಅಂದರೆ, ಅಡ್ಡಕ್ಕೆ 3/5 ಮತ್ತು ಉದ್ದಕ್ಕೆ 4/5, ಅಥವಾ 5/13 ಮತ್ತು 12/13, ಈ ಬಗೆಯದು. ಪೈಥಾಗೊರಸ್ ತ್ರಿವಳಿಗಳು. ಇವುಗಳನ್ನು ಸಂಕ್ಷೇಪಿಸಿ ಬರೆದಾಗ ಛೇದ ಯಾವಾಗಲೂ ಬೆಸ. ಅಂಶಗಳಲ್ಲಿ ಒಂದು ಸಮ, ಒಂದು ಬೆಸ. ಹಾಗಾಗಿ ಅಂಶಗಳ ಮೊತ್ತ ಯಾವಾಗಲೂ ಬೆಸ. ಈಗ ಒಂದು ಚುಕ್ಕಿಯಿಂದ ಹೊರಟು ಸುತ್ತಾಡಿ ಮತ್ತೆ ಅಲ್ಲಿಗೇ ಬಂದಿರಿ ಅಂದುಕೊಳ್ಳಿ. ಎಲ್ಲ ಹೆಜ್ಜೆಗಳನ್ನೂ ಒಂದೇ ಬೆಸ ಛೇದಕ್ಕೆ ತನ್ನಿ. ಪ್ರತಿ ಹೆಜ್ಜೆಯ ಅಂಶಗಳ ಮೊತ್ತ ಬೆಸವಾಗಿಯೇ ಉಳಿಯುತ್ತದೆ. ಒಟ್ಟು ಕೂಡಿದರೆ ಸೊನ್ನೆ. ಬೆಸ ಸಂಖ್ಯೆಗಳನ್ನು ಕೂಡಿ ಸೊನ್ನೆ ಬರಬೇಕಾದರೆ ಹೆಜ್ಜೆಗಳು ಸಮಸಂಖ್ಯೆಯಲ್ಲಿ ಇರಬೇಕು. ಬೆಸಸಂಖ್ಯೆಯ ಹೆಜ್ಜೆಯಲ್ಲಿ ಮನೆಗೆ ಮರಳುವ ದಾರಿಯೇ ಇಲ್ಲ. ಆದ್ದರಿಂದ ಹೆಜ್ಜೆಗೊಮ್ಮೆ ಬಣ್ಣ ಬದಲಿಸುತ್ತ ಹೋದರೆ ಎಲ್ಲೂ ಜಗಳ ಬರುವುದಿಲ್ಲ.

ಗಮನಿಸಿ, ಅಲ್ಲಿ ನಮ್ಮ ಮೊದಲ ಮೂರು ಕಡ್ಡಿಯ ತ್ರಿಭುಜವನ್ನೂ ಕಟ್ಟಲು ಬರುವುದಿಲ್ಲ. ಅದಕ್ಕೆ ಮೂರರ ವರ್ಗಮೂಲ ಬೇಕು. ಮೋಸರ್ ಕದಿರಿಗೆ ಅದರ ಜೊತೆ ಹನ್ನೊಂದರ ವರ್ಗಮೂಲವೂ ಬೇಕು. ಒಂದೊಂದು ಹೊಸ ವರ್ಗಮೂಲ ಒಳಗೆ ಬಂದಾಗ ಕಡ್ಡಿಗಳು ಹೊಸ ಕೋನದಲ್ಲಿ ತಿರುಗಿ, ಹಿಂದೆ ಸೇರದಿದ್ದ ಚುಕ್ಕಿಗಳು ಸೇರುತ್ತವೆ. ಬಣ್ಣಗಳ ಇಕ್ಕಟ್ಟು ಅಲ್ಲಿಂದ ಹುಟ್ಟುತ್ತದೆ. ಯಾವ ವರ್ಗಮೂಲಗಳನ್ನು ಬೆರೆಸಿದರೆ ಎಷ್ಟು ಇಕ್ಕಟ್ಟು ಎಂದು ಮೊದಲೇ ಹೇಳುವ ಸೂತ್ರ ಕೈಯಲ್ಲಿಲ್ಲ. ಇದೇ ಸಮಸ್ಯೆಯ ತಿರುಳು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಕಡೆಯಿಂದ ದೊಡ್ಡ ಸಹಾಯ 1951ರಲ್ಲೇ ಬಂದಿತ್ತು. ನಿಕೋಲಾಸ್ ಡಿ ಬ್ರೌನ್ ಮತ್ತು ಪಾಲ್ ಎರ್ಡಿಶ್ ಒಂದು ಪ್ರಮೇಯ ಕೊಟ್ಟರು. ಕೊನೆಯಿಲ್ಲದ ಹಾಳೆಗೆ ನಾಲ್ಕು ಬಣ್ಣ ಸಾಲದು ಎನ್ನುವುದಾದರೆ, ಎಣಿಸಬಹುದಾದಷ್ಟೇ ಚುಕ್ಕಿಗಳ ಯಾವುದೋ ಒಂದು ಗುಂಪಿಗೂ ನಾಲ್ಕು ಸಾಲದೇ ಇರಬೇಕು. ಅಂದರೆ ಸಾಕ್ಷಿ ಎಲ್ಲಿಯೋ ಒಂದು ಕಡೆ ಮುಷ್ಟಿಯಲ್ಲಿ ಹಿಡಿಯುವಂತೆ ಇರುತ್ತದೆ. ಹತ್ತು ಚುಕ್ಕಿಯೋ, ಹತ್ತು ಕೋಟಿ ಚುಕ್ಕಿಯೋ ಎಂಬುದನ್ನು ಪ್ರಮೇಯ ಹೇಳುವುದಿಲ್ಲ. ಅದಕ್ಕೆ ಆಯ್ಕೆಯ ಸ್ವಯಂಸಿದ್ಧ ಎಂಬ ಗಣಿತದ ಮೂಲ ನಿಯಮವೂ ಬೇಕು. ಆ ನಿಯಮವನ್ನು ಒಪ್ಪುತ್ತೀರೋ ಇಲ್ಲವೋ ಎಂಬುದರ ಮೇಲೆ ಇಂಥ ಬಣ್ಣದ ಲೆಕ್ಕದ ಉತ್ತರವೇ ಬದಲಾಗುವ ಉದಾಹರಣೆಗಳನ್ನು ಶೆಲಾ ಮತ್ತು ಸೋಯ್ಫರ್ 2003ರಿಂದ ಕೊಟ್ಟಿದ್ದಾರೆ. ಅದು ಬೇರೆಯೇ ಕಥೆ.

1981ರಲ್ಲಿ ಕೆನೆತ್ ಫಾಲ್ಕನರ್ ಇನ್ನೊಂದು ಸುಳಿವು ಕೊಟ್ಟರು. ಪ್ರತಿ ಬಣ್ಣವೂ ವಿಸ್ತೀರ್ಣ ಅಳೆಯಲು ಬರುವಂತೆ ಹರಡಿದ್ದರೆ, ನಾಲ್ಕು ಬಣ್ಣ ಸಾಲದು. ಹಾಗಾಗಿ ನಾಲ್ಕು ಬಣ್ಣದ ಹಂಚಿಕೆ ಇದ್ದರೂ ಅದು ಯಾರೂ ಚಿತ್ರ ಬರೆಯಲಾಗದಷ್ಟು ಪುಡಿಪುಡಿಯಾದದ್ದು. ನಾಲ್ಕರ ಮೇಲಿನ ನಂಬಿಕೆ ಅಲ್ಲಿಗೇ ಅಲುಗಾಡಿತ್ತು. ಆದರೆ ಸಾಕ್ಷಿಯಾಗುವ ಚುಕ್ಕಿಗಳ ಗುಂಪು ಸಿಕ್ಕಿರಲಿಲ್ಲ.

2018ರ ಏಪ್ರಿಲ್‌ನಲ್ಲಿ ಅದನ್ನು ತಂದವರು ಆಬ್ರಿ ಡಿ ಗ್ರೇ. ಮನುಷ್ಯನಿಗೆ ವಯಸ್ಸಾಗುವುದನ್ನು ತಡೆಯಬಹುದೇ ಎಂಬ ಸಂಶೋಧನೆಯಿಂದ ಹೆಸರಾದವರು. ಗಣಿತ ಅವರ ವೃತ್ತಿಯಲ್ಲ. ಪತ್ರಿಕೆಗಳು 'ಹವ್ಯಾಸಿ' ಎಂಬ ಮಾತನ್ನೇ ಹಿಡಿದುಕೊಂಡವು. ನನಗೆ ಆ ಮಾತಿಗಿಂತ ಅವರ ಕಟ್ಟಡದ ಯೋಜನೆ ಮುಖ್ಯ ಅನ್ನಿಸುತ್ತದೆ. ಅವರು ಕೇಂಬ್ರಿಡ್ಜ್‌ನಲ್ಲಿ ಓದಿದ್ದು ಕಂಪ್ಯೂಟರ್ ವಿಜ್ಞಾನ. ಸುಮ್ನೆ ಕಂಪ್ಯೂಟರಿಗೆ ಹುಡುಕಲು ಬಿಟ್ಟು ಕೂತವರಲ್ಲ. ಅದಕ್ಕೂ ಮೊದಲು ಒಂದು ಜಾಣ ಯೋಚನೆ ಇದೆ.

ಯೋಚನೆ ಹೀಗೆ. ಆರು ಮೂಲೆಯ ಆಕೃತಿ ಮತ್ತು ಅದರ ನಡುಚುಕ್ಕಿ, ಒಟ್ಟು 7 ಚುಕ್ಕಿ. ಅದನ್ನು ಹೂವು ಎಂದು ಕರೆಯೋಣ. ಬದಿಯ ಉದ್ದ ಒಂದು ಕಡ್ಡಿ. ನಾಲ್ಕು ಬಣ್ಣವಿದ್ದರೆ ನಡುಚುಕ್ಕಿಗೆ ಒಂದು, ಸುತ್ತಲಿನ ಆರಕ್ಕೆ ಉಳಿದ ಮೂರು. ಬಣ್ಣಗಳ ಹೆಸರು ಅದಲು ಬದಲು ಮಾಡುವುದನ್ನು, ಹೂವನ್ನು ತಿರುಗಿಸುವುದನ್ನು ಬಿಟ್ಟರೆ ಇದಕ್ಕೆ ಬಣ್ಣ ಹಚ್ಚುವ ಬಗೆ ನಾಲ್ಕೇ. ಅದರಲ್ಲಿ ಎರಡು ಬಗೆಯಲ್ಲಿ ಒಂದು ಬಿಟ್ಟು ಒಂದರಂತೆ ಮೂರು ಮೂಲೆಗಳಿಗೆ ಒಂದೇ ಬಣ್ಣ ಬರುತ್ತದೆ. ಇದನ್ನು ತ್ರಿವಳಿ ಅನ್ನೋಣ. ಉಳಿದ ಎರಡು ಬಗೆಯಲ್ಲಿ ತ್ರಿವಳಿ ಇಲ್ಲ.

ಡಿ ಗ್ರೇ ಮೊದಲು 52 ಹೂವುಗಳನ್ನು ಹೆಣೆದು 121 ಚುಕ್ಕಿಯ ಒಂದು ಜಾಲ ಕಟ್ಟಿದರು. ಅದಕ್ಕೆ ನಾಲ್ಕು ಬಣ್ಣವನ್ನು ಹೇಗೇ ಹಚ್ಚಿದರೂ ಯಾವುದಾದರೂ ಒಂದು ಹೂವಿನಲ್ಲಿ ತ್ರಿವಳಿ ಬಂದೇ ಬರುತ್ತದೆ. ಇದನ್ನು ಕೈಯಲ್ಲೇ ಸಾಧಿಸಬಹುದು. ಮೋಸರ್ ಸಹೋದರರು ವಜ್ರವನ್ನು ತಿರುಗಿಸಿದ ಹಾಗೆ ಇಲ್ಲಿ ಜಾಲವನ್ನೇ ತಿರುಗಿಸಿ ಜೋಡಿಸುವ ತಂತ್ರ. ಆಮೇಲೆ 1,345 ಚುಕ್ಕಿಯ ಎರಡನೇ ಜಾಲ. ಇದರ ನಟ್ಟನಡುವೆ ಒಂದು ಹೂವು. ಈ ಜಾಲಕ್ಕೆ ನಾಲ್ಕು ಬಣ್ಣವನ್ನು ಹೇಗೇ ಹಚ್ಚಿದರೂ ಆ ನಡುವಿನ ಹೂವಿನಲ್ಲಿ ತ್ರಿವಳಿ ಬರಲು ಸಾಧ್ಯವೇ ಇಲ್ಲ. ಇದನ್ನು ಪರೀಕ್ಷಿಸಿದ್ದು ಕಂಪ್ಯೂಟರ್.

ಮುಂದಿನ ಹೆಜ್ಜೆ ನೀವೇ ಊಹಿಸಬಹುದು. ಮೊದಲ ಜಾಲದ 52 ಹೂವುಗಳಲ್ಲಿ ಪ್ರತಿಯೊಂದರ ಮೇಲೂ ಎರಡನೇ ಜಾಲದ ಒಂದೊಂದು ಪ್ರತಿ ಕೂರಿಸಿ. ಒಂದು ಜಾಲ 'ಎಲ್ಲಾದರೂ ಇರಲೇಬೇಕು' ಅನ್ನುತ್ತದೆ. ಇನ್ನೊಂದು 'ಎಲ್ಲೂ ಇರಬಾರದು' ಅನ್ನುತ್ತದೆ. ನಾಲ್ಕು ಬಣ್ಣಕ್ಕೆ ಜಾಗವೇ ಉಳಿಯಲಿಲ್ಲ. ಹೀಗೆ ಹುಟ್ಟಿದ ಗುಂಪಿನಲ್ಲಿ 20,425 ಚುಕ್ಕಿಗಳಿದ್ದವು. ಬೇಡದ್ದನ್ನೆಲ್ಲ ಕಳೆದು ಅವರು 1,581ಕ್ಕೆ ಇಳಿಸಿದರು. ಅದೇ ಸುಮಾರಿಗೆ ಜೆಫ್ರಿ ಎಕ್ಸೂ ಮತ್ತು ಡಾನ್ ಇಸ್ಮೈಲೆಸ್ಕು ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದರು. ಕನಿಷ್ಠ ಐದು ಬಣ್ಣ ಬೇಕು.

ಆಮೇಲೆ ನಡೆದದ್ದು ಗುಂಪಿನ ಕೆಲಸ. ಹಲವರು ಕೂಡಿ ಬಹಿರಂಗವಾಗಿ ಒಂದು ಸಮಸ್ಯೆ ಬಿಡಿಸುವ ಪಾಲಿಮ್ಯಾತ್ ಎಂಬ ಪದ್ಧತಿಯನ್ನು ತಿಮೊಥಿ ಗವರ್ಸ್ 2009ರಲ್ಲಿ ಶುರು ಮಾಡಿದ್ದರು. ಅದರ 16ನೇ ಯೋಜನೆ ಇದೇ ಆಯಿತು. ಚುಕ್ಕಿಗಳನ್ನು ಇನ್ನೂ ಕಡಿಮೆ ಮಾಡಬಹುದೇ? ಕಂಪ್ಯೂಟರ್ ಇಲ್ಲದೆ ಸಾಧಿಸಬಹುದೇ?

ಮೊದಲ ಪ್ರಶ್ನೆಯಲ್ಲಿ ಮುಂದೆ ಹೋದವರು ಮರೈನ್ ಹ್ಯೂಲ. ಪೈಥಾಗೊರಸ್ ತ್ರಿವಳಿಗಳ ಬಗ್ಗೆ 200 ಟೆರಾಬೈಟ್ ಗಾತ್ರದ ಸಾಧನೆಯನ್ನು, ಅಂದರೆ ಗಣಿತದ ರುಜುವಾತನ್ನು, 2016ರಲ್ಲಿ ಹೊರತಂದವರಲ್ಲಿ ಇವರೂ ಒಬ್ಬರು. ಇವರ ಸಾಧನ ಸ್ಯಾಟ್ ಸಾಲ್ವರ್ ಎಂಬ ತಂತ್ರಾಂಶ. ಪ್ರತಿ ಚುಕ್ಕಿಗೂ ನಾಲ್ಕು ಹೌದು–ಇಲ್ಲ ಪ್ರಶ್ನೆ: ಕೆಂಪೇ, ಹಳದಿಯೇ, ಹಸಿರೇ, ನೀಲಿಯೇ? 1,581 ಚುಕ್ಕಿಗೆ 6,324 ಪ್ರಶ್ನೆ. ಪ್ರತಿ ಕಡ್ಡಿಯೂ 'ಈ ಎರಡು ತುದಿ ಒಂದೇ ಬಣ್ಣ ಆಗಬಾರದು' ಎಂಬ ನಿಯಮ ಹಾಕುತ್ತದೆ. ಎಲ್ಲ ನಿಯಮಕ್ಕೂ ಒಪ್ಪುವ ಉತ್ತರಗಳ ಜೋಡಣೆ ಇದೆಯೇ ಎಂದು ಯಂತ್ರ ಹುಡುಕುತ್ತದೆ. ಇಲ್ಲ ಎಂದಾದರೆ ಯಾಕಿಲ್ಲ ಎಂಬ ಸಾಧನೆಯನ್ನೂ ಬರೆದುಕೊಡುತ್ತದೆ. ಆ ಸಾಧನೆಯನ್ನು ಓದಿ, ಯಾವ ಚುಕ್ಕಿಗಳು ಅದರಲ್ಲಿ ಬರಲೇ ಇಲ್ಲವೋ ಅವನ್ನು ತೆಗೆದುಹಾಕುತ್ತ ಹೋದರು. 553 ಆಯಿತು. 529 ಆಯಿತು. 510ಕ್ಕೆ ಬಂತು. ಆಮೇಲೆ ಯಾನ್ ಪಾರ್ಟ್ಸ್ ಇನ್ನೊಂದನ್ನು ಕಳೆದು 509 ಮಾಡಿದರು. ಆ 509 ಚುಕ್ಕಿಗಳನ್ನು ಜೋಡಿಸಲು ಎರಡು ಸಾವಿರಕ್ಕೂ ಮೀರಿದ ಕಡ್ಡಿ ಬೇಕು. ಮೋಸರ್ ಕದಿರಿನ 11 ಕಡ್ಡಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಮೂರರಿಂದ ನಾಲ್ಕಕ್ಕೂ ನಾಲ್ಕರಿಂದ ಐದಕ್ಕೂ ಇರುವ ವ್ಯತ್ಯಾಸ ಅಷ್ಟು.

ಎರಡನೇ ಪ್ರಶ್ನೆಗೂ ಪಾರ್ಟ್ಸ್ 2020ರಲ್ಲಿ ಉತ್ತರ ಕೊಟ್ಟರು. ಮನುಷ್ಯ ಕೂತು ಪರೀಕ್ಷಿಸಬಹುದಾದ ಸಾಧನೆ. ಇದರ ಬಗ್ಗೆ ಸುದ್ದಿ ಅಷ್ಟಾಗಿ ಆಗಲಿಲ್ಲ. ನನಗಂತೂ 509 ಎಂಬ ದಾಖಲೆಗಿಂತ ಇದು ದೊಡ್ಡದು. ಯಂತ್ರದ 'ಇಲ್ಲ' ಎಂಬ ಮಾತನ್ನು ನಾವು ನಂಬಬಹುದು. ಅದನ್ನು ಇನ್ನೊಂದು ಯಂತ್ರ ಪರೀಕ್ಷಿಸಿಯೂ ಇರುತ್ತದೆ. ಆದರೆ ಆರನೇ ಬಣ್ಣದ ಕಡೆ ಹೋಗಬೇಕಾದರೆ ಐದನೆಯದು ಯಾಕೆ ಬೇಕಾಯಿತು ಎಂದು ಮನುಷ್ಯನಿಗೆ ಕಾಣಬೇಕು. ವಜ್ರವನ್ನು ತಿರುಗಿಸಿದಾಗ ಕೆಂಪು ವೃತ್ತ ಕಂಡಿತಲ್ಲ, ಹಾಗೆ ಕಾಣಬೇಕು.

ಇದರ ನೆಂಟ ಪ್ರಶ್ನೆಯೊಂದು ಬೇರೆ ದಾರಿಯಲ್ಲಿ ಬೆಳೆಯಿತು. ಅದನ್ನು ಇಲ್ಲಿ ಹೇಳದಿದ್ದರೆ ಚಿತ್ರ ಪೂರ್ತಿ ಆಗುವುದಿಲ್ಲ. ಬಾಗಿಲ ಮುಂದೆ ಚುಕ್ಕಿ ರಂಗೋಲಿಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಡಿ. 16 ಚುಕ್ಕಿ, 120 ಜೋಡಿ. ಆದರೆ ಆ 120 ಜೋಡಿಗಳ ನಡುವೆ ಬರುವ ಬೇರೆ ಬೇರೆ ದೂರಗಳು ಒಂಬತ್ತೇ. ಚುಕ್ಕಿಗಳನ್ನು ಹೇಗಿಟ್ಟರೆ ಬೇರೆ ಬೇರೆ ದೂರಗಳು ಅತಿ ಕಡಿಮೆ ಆಗುತ್ತವೆ ಎಂದು ಎರ್ಡಿಶ್ 1946ರಲ್ಲಿ ಕೇಳಿದರು. ರಂಗೋಲಿಯಂಥ ಚೌಕದ ಸಾಲುಗಳೇ ಹೆಚ್ಚುಕಮ್ಮಿ ಅತ್ಯುತ್ತಮ ಎಂಬುದು ಅವರ ಊಹೆ. ಚೌಕದಲ್ಲಿ ಬರುವ ದೂರಗಳನ್ನು ಎಣಿಸುವುದು ಅಂದರೆ ಎರಡು ವರ್ಗಗಳ ಮೊತ್ತವಾಗಿ ಬರುವ ಸಂಖ್ಯೆಗಳನ್ನು ಎಣಿಸುವುದು. ಅದನ್ನು ಲಾಂಡೌ 1908ರಲ್ಲಿ ಸಾಧಿಸಿದ್ದರು. ರಾಮಾನುಜನ್ ತಾವೇ ಕಂಡುಕೊಂಡು 1913ರಲ್ಲಿ ಹಾರ್ಡಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರು. ಎರ್ಡಿಶ್ ಊಹೆಯ ತೀರ ಹತ್ತಿರಕ್ಕೆ ಲ್ಯಾರಿ ಗುಥ್ ಮತ್ತು ನೆಟ್ಸ್ ಕಾಟ್ಜ್ 2010ರಲ್ಲಿ ಬಂದರು. ಅಲ್ಲಿ ಯಂತ್ರದ ಹುಡುಕಾಟ ಇರಲಿಲ್ಲ. ಹಾಳೆಯ ಮೇಲಿನ ದೂರಗಳನ್ನು ಮೂರು ಆಯಾಮದ ಗೆರೆಗಳ ಪ್ರಶ್ನೆಯಾಗಿ ಬದಲಿಸುವ ಯೋಚನೆ ಗ್ಯೋರ್ಗಿ ಎಲೆಕೆಶ್ ಅವರದು. ಅವರು 2008ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಮಿಖಾ ಶರೀರ್ ಕಾಪಾಡಿ ಮುಂದುವರಿಸಿದರು. ಗುಥ್ ಮತ್ತು ಕಾಟ್ಜ್ ಬಹುಪದಗಳ ಸಹಾಯದಿಂದ ಆ ಗೆರೆಗಳ ಲೆಕ್ಕ ಮುಗಿಸಿದರು. ಬಣ್ಣದ ಪ್ರಶ್ನೆಗೂ ಇಂಥದೊಂದು ಬಾಗಿಲು ಇದ್ದರೆ ಎಂದು ಯೋಚಿಸಿದಾಗೆಲ್ಲ ನನಗೆ ಆಸೆಯಾಗುತ್ತದೆ. ಸದ್ಯಕ್ಕೆ ಅಂಥ ಬಾಗಿಲು ಕಂಡಿಲ್ಲ.

ಬಾಗಿಲಲ್ಲದಿದ್ದರೂ ಕಿಟಕಿಯೊಂದು ತೆರೆದಿದೆ. ಒಂದೇ ಬಣ್ಣ ಹಾಳೆಯ ಎಷ್ಟು ಪಾಲನ್ನು ಆಕ್ರಮಿಸಬಹುದು ಎಂದು ಕೇಳಿ ನೋಡಿ. ಒಂದು ಕಡ್ಡಿ ದೂರದ ಎರಡು ಚುಕ್ಕಿ ಇಲ್ಲದ ಹಾಗೆ ಕೆಂಪನ್ನು ಎಷ್ಟು ಜಾಸ್ತಿ ಹರಡಬಹುದು? 1967ರಲ್ಲಿ ಕ್ರಾಫ್ಟ್ ಎಂಬವರು ತೋರಿಸಿದ ಆಕೃತಿ ಹಾಳೆಯ ಸುಮಾರು 22.9 ಶೇಕಡಾ ತುಂಬುತ್ತದೆ. ಕಾಲುಭಾಗ ಮುಟ್ಟಲು ಸಾಧ್ಯವಿಲ್ಲ ಎಂಬುದು ಎರ್ಡಿಶ್ ಊಹೆ. 2022ರಲ್ಲಿ ಗೆರ್ಗೆಯ್ ಆಂಬ್ರುಶ್, ಮಾಟೆ ಮಟೊಲ್ಚಿ ಮತ್ತು ಜೊತೆಗಾರರು 24.7 ಶೇಕಡಾಕ್ಕಿಂತ ಜಾಸ್ತಿ ಆಗುವುದಿಲ್ಲ ಎಂದು ಸಾಧಿಸಿ ಆ ಊಹೆಯನ್ನು ನಿಜ ಮಾಡಿದರು. ಒಂದೊಂದು ಬಣ್ಣವೂ ಕಾಲುಭಾಗಕ್ಕಿಂತ ಕಡಿಮೆ ಅಂದಮೇಲೆ ನಾಲ್ಕು ಸೇರಿದರೂ ಹಾಳೆ ತುಂಬುವುದಿಲ್ಲ ಅಲ್ವಾ? ಫಾಲ್ಕನರ್ ಹೇಳಿದ್ದಕ್ಕೆ ಇದು ಇನ್ನೊಂದು ಕಾರಣ. ಇದು ನೇರವಾಗಿ ಕಣ್ಣಿಗೆ ಕಾಣುವ ಕಾರಣ.

ಮೇಲಿನಿಂದ ಕೆಳಗೆ ಬರುವ ಪ್ರಯತ್ನವೂ ನಿಂತಿಲ್ಲ. ಆರು ಬಣ್ಣದಲ್ಲಿ ಹಾಳೆ ತುಂಬಲು ಆಗದಿದ್ದರೆ ಷರತ್ತನ್ನು ಸ್ವಲ್ಪ ಸಡಿಲಿಸಿ ನೋಡೋಣ. ಐದು ಬಣ್ಣಗಳು ಒಂದು ಕಡ್ಡಿ ದೂರವನ್ನು ತಪ್ಪಿಸಲಿ. ಆರನೆಯದು ಬೇರೆ ಯಾವುದಾದರೂ ದೂರವನ್ನು ತಪ್ಪಿಸಿದರೆ ಸಾಕು. ಆ ಬೇರೆ ದೂರ ಸುಮಾರು 0.414ರಿಂದ 0.447ರ ನಡುವೆ ಇದ್ದರೆ ಇದು ಸಾಧ್ಯ ಎಂದು ಮೊದಲೇ ಗೊತ್ತಿತ್ತು. 30 ವರ್ಷ ಅದು ಅಲುಗಾಡಲಿಲ್ಲ. 2024ರಲ್ಲಿ ಕೊನ್ರಾಡ್ ಮುಂಡಿಂಗರ್, ಸೆಬಾಸ್ಟಿಯನ್ ಪೊಕುಟ್ಟಾ ಮತ್ತು ಸಂಗಡಿಗರು ಅದನ್ನು 0.354ರಿಂದ 0.657ರವರೆಗೆ ಹಿಗ್ಗಿಸಿದರು. ಬಣ್ಣ ಹಚ್ಚುವ ಕೆಲಸವನ್ನು ಅವರು ಕಲಿಯುವ ಯಂತ್ರಕ್ಕೆ ಕೊಟ್ಟರು. ಯಂತ್ರ ಕೊಟ್ಟ ಚಿತ್ರ ನೋಡಿ, ಅದರ ಹಿಂದಿನ ಆಕೃತಿಗಳನ್ನು ತಾವೇ ಗುರುತಿಸಿ, ಆಮೇಲೆ ಸಾಧನೆ ಬರೆದರು. ಯಂತ್ರ ಸುಳಿವು ಕೊಡುವುದು, ಮನುಷ್ಯ ಅದನ್ನು ಅರ್ಥ ಮಾಡಿಕೊಳ್ಳುವುದು. ನನಗೆ ಒಪ್ಪಿಗೆಯಾಗುವ ಪದ್ಧತಿ ಇದು.

ಆದರೆ ಆ ದೂರ ಪೂರ್ತಿ 1 ಆಗಬೇಕು. ಆಗ ಮಾತ್ರ ಆರು ಬಣ್ಣ ಸಾಕು ಎಂದು ಹೇಳಲು ಬರುತ್ತದೆ. 0.657 ಅಲ್ಲಿಂದ ಬಹಳ ದೂರ.

ಹಾಗಾದರೆ ಉತ್ತರ 7 ಇರಬಹುದೇ? ಇದ್ದರೆ ಸಾಕ್ಷಿ ಎಷ್ಟು ದೊಡ್ಡದಿರಬೇಕು? ಇದಕ್ಕೆ ಡಾನ್ ಪ್ರಿಟಿಕಿನ್ 1998ರಲ್ಲಿ ಒಂದು ಅಚ್ಚರಿಯ ಉತ್ತರ ಕೊಟ್ಟಿದ್ದಾರೆ. ಅವರು ಆರು ಬಣ್ಣದಿಂದ ಹಾಳೆಯ ಬಹುಪಾಲನ್ನು, ಅಂದರೆ 99.98 ಶೇಕಡಾಕ್ಕಿಂತಲೂ ಜಾಸ್ತಿಯನ್ನು, ಷರತ್ತು ಮುರಿಯದೆ ತುಂಬಿದರು. ಉಳಿದದ್ದು ಸಣ್ಣ ಸಣ್ಣ ಬಿಳಿ ತೇಪೆಗಳು. ಈಗ ನಿಮ್ಮ ಚುಕ್ಕಿಗಳ ಗುಂಪನ್ನು ಆ ಬಣ್ಣದ ಹಾಳೆಯ ಮೇಲೆ ಎಲ್ಲೋ ಎಸೆಯಿರಿ. ಗುಂಪು ಚಿಕ್ಕದಿದ್ದರೆ, ಒಂದಲ್ಲ ಒಂದು ಕಡೆ ಅದು ಒಂದೂ ಬಿಳಿ ತೇಪೆಯನ್ನು ಮುಟ್ಟದೆ ಬಿದ್ದೇ ಬೀಳುತ್ತದೆ. ಬಿದ್ದ ಜಾಗದ ಬಣ್ಣವನ್ನೇ ಅದಕ್ಕೆ ಕೊಟ್ಟರೆ ಆಯಿತು, ಆರು ಬಣ್ಣ ಸಾಕಾಯಿತು. ಈ ಲೆಕ್ಕದಿಂದ ಪ್ರಿಟಿಕಿನ್ ಹೇಳಿದ್ದು: 6,197 ಚುಕ್ಕಿಗಳವರೆಗಿನ ಯಾವ ಗುಂಪಿಗೂ ಆರು ಬಣ್ಣ ಸಾಕು.

ಮೂರು ಬಣ್ಣ ಸಾಲದು ಎನ್ನಲು 7 ಚುಕ್ಕಿ ಸಾಕಾಗಿತ್ತು. ನಾಲ್ಕು ಸಾಲದು ಎನ್ನಲು ಇದುವರೆಗಿನ ದಾಖಲೆ 509. ಆರು ಸಾಲದು ಎನ್ನುವವರು ಕಡಿಮೆಯೆಂದರೂ 6,198 ಚುಕ್ಕಿಗಳನ್ನು ತರಬೇಕು. ಇವೆರಡರ ನಡುವೆ, ಐದು ಸಾಲದು ಎಂದು ತೋರಿಸುವ ಗುಂಪೊಂದನ್ನು ಕಟ್ಟುವ ಕೆಲಸ ಬಾಕಿ ಇದೆ. ನನ್ನ ಮನಸ್ಸು ವಾಲುವುದು ಆರರ ಕಡೆಗೆ. ಜೇನುಗೂಡಿನಲ್ಲಿ ಅಷ್ಟೊಂದು ಸಡಿಲ ಇರುವುದರಿಂದ ಹಾಗನ್ನಿಸುತ್ತದೆ, ಬೇರೆ ಆಧಾರವಿಲ್ಲ. ಡಿ ಗ್ರೇ ಅವರ ಹಾಗೆ ಎರಡು ಜಾಲಗಳನ್ನು ಒಂದಕ್ಕೊಂದು ಎದುರು ನಿಲ್ಲಿಸುವುದಾದರೆ, ಐದು ಬಣ್ಣದ ಹೂವು ಯಾವುದು, ಅದರಲ್ಲಿ ಯಾವ ತ್ರಿವಳಿಯನ್ನು ಹುಡುಕಬೇಕು ಎಂಬುದನ್ನು ಮೊದಲು ಗುರುತಿಸಬೇಕು. ಆ ಹೂವು ಇನ್ನೂ ಸಿಕ್ಕಿಲ್ಲ.